ತಮ್ಮನ ಪಾದ ಮೇಲೆ ಏಳ್ತಿಲ್ಲ, ನೋವೂ ಇಲ್ಲ. ಬೆನ್ನಿನ ಡಿಸ್ಕ್ ಅಂತಾರೆ, ನಿಜವಾ?

ಹಾವೇರಿ_ಅಕ್ಕ
ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯ ಕೇಳಬೇಕಿತ್ತು. ಅವನಿಗೆ 29 ವರ್ಷ, ಟೈಲ್ಸ್ ಹಾಕುವ ಕೆಲಸ. ದೀಪಾವಳಿಯೊಳಗೆ ಗೃಹಪ್ರವೇಶ ಆಗಲೇಬೇಕು ಅಂತ ಮನೆಯವರು ಗಡಿಬಿಡಿ ಮಾಡಿದ್ದಕ್ಕೆ ಬೆಳಗ್ಗೆಯಿಂದ ರಾತ್ರಿವರೆಗೂ ದುಡಿದ. ಆ ಕೆಲಸ ಮುಗಿಯುವ ಹೊತ್ತಿಗೆ ಬಲಗಾಲು ಕೈಕೊಟ್ಟಿದೆ. ನಡೆಯುವಾಗ ಪಾದ ನೆಲಕ್ಕೆ ಪಟ್ ಪಟ್ ಅಂತ ಬಡಿಯುತ್ತೆ. ಮಂಡಿ ಎತ್ತೆತ್ತಿ ಹೆಜ್ಜೆ ಹಾಕುತ್ತಾನೆ. ಹೊಸ್ತಿಲು ಎಡವುತ್ತಾನೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಲ್ಲ. ನೋವು ಅಂತ ಏನೂ ಇಲ್ಲ, ಪಾದದ ಮೇಲ್ಗಡೆ ಜೋಮು ಹಿಡಿದ ಹಾಗೆ ಇದೆಯಂತೆ.

ಡಾಕ್ಟರ್ ಹತ್ರ ಹೋದ್ವಿ. ಬೆನ್ನಿನ ಎಂಆರ್‌ಐ ಮಾಡಿಸಿದರು. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ, ಆಪರೇಷನ್ ಮಾಡಿಸಿದರೆ ಒಳ್ಳೇದು ಅಂದರು. ಅಮ್ಮ ಅವತ್ತಿಂದ ಊಟ ಬಿಟ್ಟು ಕೂತಿದ್ದಾರೆ. ಅತ್ತೆ ಬೇರೆ, ನರ ಬಿಡಿಸೋರ ಹತ್ರ ಕರ್ಕೊಂಡು ಹೋಗೋಣ ಅಂತಿದ್ದಾರೆ. ಯಾರಿಗಾದರೂ ಹೀಗೆ ಆಗಿತ್ತಾ?

ಬಸವ_ಬೆಂಗಳೂರು
ಡಿಸ್ಕೇ ಅಕ್ಕಾ, ಅನುಮಾನವೇ ಬೇಡ. ನಮ್ಮ ಭಾವನಿಗೆ ಇದೇ ಆಗಿತ್ತು. ಆಪರೇಷನ್ ಆಯ್ತು, ಈಗ ಬುಲೆಟ್ ಓಡಿಸ್ತಾರೆ. ತಡ ಮಾಡಬೇಡಿ.

ಉಪ್ಪಿಟ್ಟು_ಪ್ರೇಮಿ
ಚಪ್ಪಲಿ ಜಾರಿದ್ರೆ ಹೊಸ ಚಪ್ಪಲಿ ತಗೋಬೇಕು, ಅದಕ್ಕೂ ಬೆನ್ನಿಗೂ ಏನ್ ಸಂಬಂಧ? (ತಮಾಷೆಗೆ ಅಂದಿದ್ದು, ಬೇಜಾರಾಗಬೇಡಿ.)

ದಾವಣಗೆರೆ_ಫಿಸಿಯೋ
ಮೇಡಂ, ನಾನು ಫಿಸಿಯೋಥೆರಪಿಸ್ಟ್, ಡಾಕ್ಟರ್ ಅಲ್ಲ. ಆದರೆ ಇಂಥ ಕಾಲುಗಳನ್ನು ದಿನಾ ನೋಡ್ತೀನಿ. ಇದಕ್ಕೆ ಫುಟ್ ಡ್ರಾಪ್ ಅಂತಾರೆ. ಯಾಕೆ ಆಯ್ತು ಅನ್ನೋದಕ್ಕೆ ಹತ್ತು ಕಾರಣ ಇರುತ್ತೆ. ಕೆಲವು ಪ್ರಶ್ನೆ ಕೇಳ್ತೀನಿ, ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಉತ್ತರ ಬರೀರಿ.

ಬೆನ್ನಿಂದ ಕಾಲಿಗೆ ಇಳಿಯುವ ಸೆಳೆತ ಯಾವತ್ತಾದರೂ ಇತ್ತಾ? ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಹಾಕಕ್ಕೆ ಬರುತ್ತಾ? ತುದಿಗಾಲಲ್ಲಿ ನಿಲ್ಲಕ್ಕೆ ಬರುತ್ತಾ? ಪಾದವನ್ನು ನೀವು ಕೈಯಲ್ಲಿ ಮೇಲಕ್ಕೆ ಹಿಡಿದುಕೊಂಡು, ಅಂಗಾಲು ಒಳಗಡೆಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ತಿರುಗಿಸು ಅನ್ನಿ. ಆಮೇಲೆ ಹೊರಗಡೆಗೆ. ಯಾವುದು ಬರುತ್ತೆ, ಯಾವುದು ಬರಲ್ಲ? ಕೆಲಸ ಮಾಡೋವಾಗ ಹೇಗೆ ಕೂರ್ತಾನೆ? ಇತ್ತೀಚೆಗೆ ತೂಕ ಇಳಿದಿದೆಯಾ? ಶುಗರ್ ಇದೆಯಾ?

ಒಂದು ಮಾತ್ರ ಈಗಲೇ ಹೇಳಿ. ಮೂತ್ರ ಕಟ್ಟಿದೆಯಾ, ಸೋರುತ್ತಾ, ಕೂರುವ ಜಾಗ ಮರಗಟ್ಟಿದೆಯಾ? ಹಾಗಿದ್ದರೆ ಇಲ್ಲಿ ಟೈಪ್ ಮಾಡ್ತಾ ಕೂರಬೇಡಿ, ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೋಗಿ. ಅದು ತುರ್ತು.

ಎಂಬಿಬಿಎಸ್_ಹುಡುಗಿ
ಉಪ್ಪಿಟ್ಟು ಸರ್, ಚಪ್ಪಲಿ ವಿಷಯ ತಮಾಷೆ ಅಲ್ಲ. ನಮ್ಮ ವಾರ್ಡಲ್ಲಿ ಸರ್ ಮೊದಲು ಕಲಿಸಿದ್ದೇ ಆ ಪ್ರಶ್ನೆ. "ಚಪ್ಪಲಿ ಜಾರಿದ್ದು ನಿಮಗೆ ಗೊತ್ತಾಗುತ್ತಾ?" ಅಂತ ಕೇಳಬೇಕು. ಜಾರ್ತಾ ಇದೆ ಅಂತ ಗೊತ್ತಾಗುತ್ತೆ ಆದರೆ ಬೆರಳಲ್ಲಿ ಹಿಡಿದುಕೊಳ್ಳಕ್ಕೆ ಆಗಲ್ಲ ಅಂದರೆ ಶಕ್ತಿ ಹೋಗಿದೆ. ಜಾರಿದ್ದೇ ಗೊತ್ತಾಗಲ್ಲ, ಹಿಂದೆ ಬರೋರು "ಯಜಮಾನ್ರೇ ಚಪ್ಪಲಿ ಅಲ್ಲೇ ಬಿತ್ತು" ಅಂದಾಗಲೇ ತಿಳಿಯೋದು ಅಂದರೆ ಸ್ಪರ್ಶ ಹೋಗಿದೆ. ಶೂ ಹಾಕೋ ದೇಶದ ಪುಸ್ತಕದಲ್ಲಿ ಈ ಪ್ರಶ್ನೆ ಸಿಗಲ್ಲ.

ಉಪ್ಪಿಟ್ಟು_ಪ್ರೇಮಿ
ಸರಿ ತಾಯೀ, ಬಾಯಿ ಮುಚ್ಚಿಕೊಂಡು ಓದ್ತೀನಿ.

ಹಾವೇರಿ_ಅಕ್ಕ
ಮೂತ್ರದ ತೊಂದರೆ ಇಲ್ಲ ಸರ್. ಬೆನ್ನುನೋವು ಕೆಲಸದವರಿಗೆಲ್ಲ ಇರೋ ಅಷ್ಟೇ, ಕಾಲಿಗೆ ಸೆಳೆತ ಇಲ್ಲ. ಹಿಮ್ಮಡಿ ಮೇಲೆ ನಡಿ ಅಂದರೆ ಬಲಗಾಲಿನ ಮುಂಭಾಗ ಏಳೋದೇ ಇಲ್ಲ. ತುದಿಗಾಲಲ್ಲಿ ಚೆನ್ನಾಗಿ ನಿಲ್ತಾನೆ. ಒಳಗಡೆ ತಿರುಗಿಸೋದು ಬರುತ್ತೆ, ನಾನು ಕೈಯಲ್ಲಿ ತಡೆದರೂ ಜೋರಾಗಿ ತಳ್ಳಿದ. ಹೊರಗಡೆ ಬಿಲ್ಕುಲ್ ಬರಲ್ಲ. ಹೆಬ್ಬೆರಳು ಸುಮ್ನೆ ಮಲಗಿರುತ್ತೆ. ಚಪ್ಪಲಿ ಜಾರೋದು ಗೊತ್ತಾಗುತ್ತೆ.

ಕೆಲಸ ಎಲ್ಲಾ ಕುಕ್ಕರಗಾಲಲ್ಲೇ. ಹಾಗೇ ಸರಿದು ಸರಿದು ಹಿಂದಕ್ಕೆ ಹೋಗ್ತಾ ಟೈಲ್ಸ್ ಕೂರಿಸ್ತಾನೆ. ಮಧ್ಯೆ ಟೈಫಾಯ್ಡ್ ಆಗಿ ತುಂಬಾ ಇಳಿದುಹೋಗಿದ್ದ, ಪ್ಯಾಂಟ್ ಎಲ್ಲಾ ಸಡಿಲ. ಶುಗರ್ ಇಲ್ಲ.

ದಾವಣಗೆರೆ_ಫಿಸಿಯೋ
ಇದು ಕೇಳಿದ ಮೇಲೆ ನನ್ನ ಕಣ್ಣು ಬೆನ್ನಿಗಿಂತ ಮಂಡಿ ಮೇಲೆ ಹೋಗುತ್ತೆ ಮೇಡಂ. ಮಂಡಿಯ ಹೊರಗಡೆ, ಸ್ವಲ್ಪ ಕೆಳಗೆ, ಒಂದು ಎಲುಬಿನ ಗುಬುಟು ಕೈಗೆ ಸಿಗುತ್ತೆ ನೋಡಿ. ಫಿಬುಲಾ ಅಂತ ಎಲುಬು, ಅದರ ತಲೆ ಅದು. ಅದರ ಕುತ್ತಿಗೆಯನ್ನು ಸುತ್ತಿಕೊಂಡು ಒಂದು ನರ ಮುಂದಕ್ಕೆ ಬರುತ್ತೆ. ಪೆರೋನಿಯಲ್ ನರ. ಅಲ್ಲಿ ಅದಕ್ಕೆ ಮಾಂಸದ ಹೊದಿಕೆ ಇಲ್ಲ. ಮೇಲೆ ಚರ್ಮ, ಕೆಳಗೆ ಎಲುಬು, ಅಷ್ಟೇ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಒತ್ತುತ್ತೆ. ಕಾಲ ಮೇಲೆ ಕಾಲು ಹಾಕಿ ಕೂರೋ ಅಭ್ಯಾಸ, ಬಿಗಿಯಾದ ಪ್ಲಾಸ್ಟರ್, ಪ್ರಜ್ಞೆ ಇಲ್ಲದೆ ಒಂದೇ ಮಗ್ಗುಲಲ್ಲಿ ಮಲಗಿದ್ದು, ಎಲ್ಲದರಲ್ಲೂ ಒತ್ತುತ್ತೆ. ಮೈ ಇಳಿದಾಗ ಅಲ್ಲಿದ್ದ ಸ್ವಲ್ಪ ಕೊಬ್ಬೂ ಕರಗುತ್ತೆ. ಹಾಗಾಗಿ ಟೈಫಾಯ್ಡ್ ಆದ ಮೇಲೆ ಇದು ಬಂದಿದ್ದು ನನಗೆ ಆಶ್ಚರ್ಯ ಅನಿಸಲ್ಲ.

ಪಾದ ಮೇಲೆತ್ತೋದು, ಬೆರಳು ಎತ್ತೋದು, ಪಾದ ಹೊರಗೆ ತಿರುಗಿಸೋದು, ಮೂರೂ ಈ ನರದ ಕೆಲಸ. ಒಳಗೆ ತಿರುಗಿಸೋದು ಬೇರೆ ನರ. ಆದರೆ ಬೆನ್ನಲ್ಲಿ ಎಲ್5 ಬೇರು, ಅಂದರೆ ಬೆನ್ನುಹುರಿಯಿಂದ ಹೊರಡೋ ನರದ ಬುಡ, ಒತ್ತಿದ್ದರೆ ಒಳಗೆ ತಿರುಗಿಸೋದೂ ಸೋಲುತ್ತೆ, ಯಾಕಂದ್ರೆ ಆ ಬೇರು ಎರಡೂ ನರಕ್ಕೆ ಹೋಗುತ್ತೆ. ಸೊಂಟದಲ್ಲಿ ಕಾಲು ಪಕ್ಕಕ್ಕೆ ಎತ್ತುವ ಶಕ್ತಿಯೂ ಕಡಿಮೆ ಆಗುತ್ತೆ. ನಿಮ್ಮ ತಮ್ಮನಿಗೆ ಒಳಗೆ ತಿರುಗಿಸೋದು ಗಟ್ಟಿಯಾಗಿದೆ. ಅದಕ್ಕೇ ಹೇಳಿದ್ದು.

ಬಸವ_ಬೆಂಗಳೂರು
ಅಂದರೆ ಎಂಆರ್‌ಐ ಸುಳ್ಳು ಹೇಳುತ್ತಾ? ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು. ಉಬ್ಬಿದೆ ಅಂತ ಚಿತ್ರದಲ್ಲೇ ಇದೆಯಲ್ಲ.

ಎಂಬಿಬಿಎಸ್_ಹುಡುಗಿ
ಸುಳ್ಳಲ್ಲ ಸರ್, ಉಬ್ಬಿರೋದು ನಿಜ. ಆದರೆ ಬೆನ್ನಲ್ಲಿ ಏನೂ ತೊಂದರೆ ಇಲ್ಲದವರನ್ನು ಸಾಲಾಗಿ ನಿಲ್ಲಿಸಿ ಎಂಆರ್‌ಐ ಮಾಡಿದರೂ ಎಷ್ಟೋ ಜನಕ್ಕೆ ಡಿಸ್ಕ್ ಉಬ್ಬು ಸಿಗುತ್ತೆ. ವಯಸ್ಸಾದಂತೆ ಜಾಸ್ತಿ. ಕಾಲಲ್ಲಿ ಕಾಣೋ ಸೋಲು, ಆ ಬೇರಿಗೆ ಹೊಂದುತ್ತಾ ಇಲ್ವಾ ಅನ್ನೋದನ್ನ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದವರೇ ಹೇಳಬೇಕು.

ಬಸವ_ಬೆಂಗಳೂರು
ನಮ್ಮ ಭಾವ ಎದ್ದು ನಡೆದಿದ್ದು ಆಪರೇಷನ್ನಿಂದಲೇ. ಅದನ್ನ ಯಾರೂ ಅಲ್ಲಗಳೆಯಕ್ಕೆ ಆಗಲ್ಲ.

ದಾವಣಗೆರೆ_ಫಿಸಿಯೋ
ಅಲ್ಲಗಳೀತಾ ಇಲ್ಲ ಸರ್. ಅವರಿಗೆ ಬೆನ್ನಿಂದ ಕಾಲಿಗೆ ಕರೆಂಟ್ ಹೊಡೆದ ಹಾಗೆ ನೋವು ಇತ್ತಾ?

ಬಸವ_ಬೆಂಗಳೂರು
ಇತ್ತು. ಕೆಮ್ಮಿದರೂ ಕಿರುಚ್ತಾ ಇದ್ರು.

ದಾವಣಗೆರೆ_ಫಿಸಿಯೋ
ನೋಡಿ, ಅಲ್ಲೇ ವ್ಯತ್ಯಾಸ. ಅವರದ್ದು ಡಿಸ್ಕ್.

ಪರಂಪರೆ_ಉಳಿಸಿ
ಎಲ್ಲಾ ಇಂಗ್ಲಿಷ್ ಔಷಧಿ ಹುಚ್ಚು. ನಮ್ಮ ಕಡೆ ಒಬ್ಬರು ಇದ್ದಾರೆ, ಎಣ್ಣೆ ಹಾಕಿ ಮಂಡಿ ಹಿಂದೆ ನರ ಹಿಡಿದು ಒಂದೇ ಎಳೆತ ಎಳೀತಾರೆ. ಆಮೇಲೆ ಬಿಸಿ ಉಪ್ಪಿನ ಶಾಖ. ಎಷ್ಟೋ ಜನ ಎದ್ದು ಓಡಾಡಿದ್ದಾರೆ.

ದಾವಣಗೆರೆ_ಫಿಸಿಯೋ
ದಯವಿಟ್ಟು ಬೇಡ. ಮೊದಲೇ ಒತ್ತಿರೋ ನರವನ್ನು ಅದೇ ಜಾಗದಲ್ಲಿ ಮತ್ತೆ ಒತ್ತೋದು ಯಾವ ನ್ಯಾಯ? ಶಾಖದ ವಿಷಯ ಇನ್ನೂ ಕೆಟ್ಟದ್ದು. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗಲ್ಲ. ಉಪ್ಪಿನ ಗಂಟು ಇಟ್ಟು ಪಾದದ ಮೇಲೆ ಅಂಗೈಯಗಲ ಬೊಕ್ಕೆ ಎದ್ದು ಬಂದವರನ್ನ ನಾನೇ ನೋಡಿದ್ದೀನಿ. ಒಬ್ಬರಂತೂ "ಏನೂ ಬಿಸಿ ಆಗ್ಲಿಲ್ಲ ಸರ್, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಇಟ್ಕೊಂಡೆ" ಅಂದರು.

ಇನ್ನೊಂದು. ಇದರಲ್ಲಿ ಬಹಳಷ್ಟು, ನರದ ಮೇಲಿನ ಹೊದಿಕೆ ಮಾತ್ರ ಕೆಟ್ಟಿದ್ದರೆ, ಒತ್ತಡ ತೆಗೆದ ಮೇಲೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ. ವೈರಿನ ಪ್ಲಾಸ್ಟಿಕ್ ಸುಲಿದಿದೆ, ಒಳಗಿನ ತಾಮ್ರ ಗಟ್ಟಿ ಇದೆ ಅಂದುಕೊಳ್ಳಿ. ಆ ಹೊತ್ತಲ್ಲಿ ಯಾರು ಎಣ್ಣೆ ಹಚ್ಚಿದರೂ ಅವರಿಗೇ ಹೆಸರು.

ಪರಂಪರೆ_ಉಳಿಸಿ
ನಂಬೋರು ನಂಬ್ತಾರೆ, ಬಿಡಿ.

ಕುಷ್ಠ_ವಿಭಾಗದಲ್ಲಿದ್ದವ
ನಾನು ನಿವೃತ್ತ ಆರೋಗ್ಯ ಸಹಾಯಕ. ಕೆಲಸದ ಬಹುಪಾಲು ಕುಷ್ಠರೋಗ ನಿಯಂತ್ರಣದಲ್ಲೇ ಹೋಯ್ತು. ಅಕ್ಕಾ, ಹೆದರಬೇಡಿ, ಆದರೆ ಇದನ್ನೂ ಒಮ್ಮೆ ನೋಡಿಸಿಬಿಡಿ. ಪಾದ ಬೀಳೋದಕ್ಕೆ ನಮ್ಮ ದೇಶದಲ್ಲಿ ಇದೂ ಒಂದು ಕಾರಣ. ಫಿಸಿಯೋ ಸರ್ ಹೇಳಿದ ಅದೇ ಮಂಡಿ ಪಕ್ಕದ ನರ, ಮೊಣಕೈ ಹಿಂದಿನ ನರ, ಇವೆರಡನ್ನೂ ಕುಷ್ಠ ಹಿಡಿಯುತ್ತೆ. ನಾವು ಹಳ್ಳಿಗಳಿಗೆ ಹೋದಾಗ ಮೊದಲು ಅಂಗಿ ಬಿಚ್ಚಿಸಿ ಬೆಳಕಿಗೆ ನಿಲ್ಲಿಸ್ತಿದ್ವಿ. ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ, ತುರಿಕೆ ಇಲ್ಲ, ಬೆವರು ಬರಲ್ಲ, ಕೂದಲು ಉದುರಿದೆ. ಕಣ್ಣು ಮುಚ್ಚಿಸಿ ಬಾಲ್‌ಪೆನ್ ತುದಿಯಿಂದ ಮೆಲ್ಲಗೆ ಮುಟ್ಟಿ, ಎಲ್ಲಿ ಮುಟ್ಟಿದೆ ಬೆರಳಿಟ್ಟು ತೋರಿಸು ಅನ್ನೋದು. ಪಕ್ಕದ ಚರ್ಮದಲ್ಲಿ ಸರಿಯಾಗಿ ತೋರಿಸ್ತಾರೆ, ಮಚ್ಚೆ ಮೇಲೆ ಮುಟ್ಟಿದರೆ ಸುಮ್ನೆ ಕೂತಿರ್ತಾರೆ. ಆಮೇಲೆ ನರ ಮುಟ್ಟಿ ನೋಡೋದು. ದಪ್ಪವಾಗಿ ಹಗ್ಗ ಥರ ಸಿಕ್ಕರೆ, ಮುಟ್ಟಿದರೆ ನೋವಾದರೆ, ಅನುಮಾನ ಗಟ್ಟಿ.

ಕೆಲವರಿಗೆ ಮಚ್ಚೆಯೇ ಇರಲ್ಲ, ಬರೀ ನರ. ಅಂಥವರು ಎಲುಬಿನ ಡಾಕ್ಟರ್, ನರದ ಡಾಕ್ಟರ್ ಅಂತ ಸುತ್ತಾಡಿ ಕೊನೆಗೆ ಚರ್ಮದ ಡಾಕ್ಟರ್ ಹತ್ರ ಬರ್ತಿದ್ರು.

ಬಸವ_ಬೆಂಗಳೂರು
ಕುಷ್ಠ ಅಂತ ಸುಮ್ನೆ ಯಾಕೆ ಹೆದರಿಸ್ತೀರಿ? ಅದು ದೇಶದಿಂದಲೇ ಹೋಗಿದೆ ಅಂತ ಸರ್ಕಾರ ಯಾವಾಗಲೋ ಹೇಳಿದೆ.

ಕುಷ್ಠ_ವಿಭಾಗದಲ್ಲಿದ್ದವ
2005ರ ಕೊನೆಯಲ್ಲಿ ಹೇಳಿದ್ದು "ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆ" ಅಂತ. ಅಂದರೆ 10,000 ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿ ಅಂತ ಅರ್ಥ. ಇಲ್ಲವೇ ಇಲ್ಲ ಅಂತಲ್ಲ. ಈಗಲೂ ದೇಶದಲ್ಲಿ ವರ್ಷಕ್ಕೆ 1 ಲಕ್ಷದ ಆಸುಪಾಸು ಹೊಸಬರು ಸಿಗ್ತಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ, ಆರು ತಿಂಗಳು ಇಲ್ಲವೇ ಒಂದು ವರ್ಷ. ನರದ ಸೋಲು ಹೊಸದಾಗಿದ್ದರೆ, ಆರು ತಿಂಗಳೊಳಗಿನದ್ದಾದರೆ, ಸ್ಟೆರಾಯ್ಡ್ ಕೊಟ್ಟು ಶಕ್ತಿ ವಾಪಸ್ ತರಿಸೋ ಅವಕಾಶ ಇರುತ್ತೆ. ಜನ ನಾಚಿಕೆ ಪಟ್ಟುಕೊಂಡು ಆ ಆರು ತಿಂಗಳು ಕಳೀತಾರೆ. ಇದು ನನ್ನ ಸಂಕಟ.

ಹಾವೇರಿ_ಅಕ್ಕ
ಮಚ್ಚೆ ಏನೂ ಇಲ್ಲ ಸರ್, ಈಗಲೇ ಬೆನ್ನೆಲ್ಲಾ ನೋಡಿದೆ. ಆದರೂ ಡಾಕ್ಟರಿಗೆ ಹೇಳ್ತೀನಿ.

ಪುಣೆ_ವಿಜಯಪುರದವ
ಒಂದೇ ಕಾಲು ಅಂತ ಓದಿ ನನಗೆ ಸಮಾಧಾನ ಆಯ್ತು. ನಾನು ಪುಣೆಯ ಸಿಂಹಗಡ ರಸ್ತೆ ಕಡೆ ಇರೋದು. 2025ರ ಜನವರಿಯಲ್ಲಿ ನಮ್ಮ ಏರಿಯಾದಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. ಗಿಯನ್ ಬಾರೆ ಸಿಂಡ್ರೋಮ್, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳೋ ಕಾಯಿಲೆ, ಪೇಪರಲ್ಲಿ ಜಿಬಿಎಸ್ ಅಂತ ಬರ್ತಿತ್ತು. 200ಕ್ಕೂ ಜಾಸ್ತಿ ಜನಕ್ಕೆ ಬಂತು, ನೀರು ಕಲುಷಿತ ಆಗಿದ್ದಕ್ಕೆ ಅಂದರು.

ನಮ್ಮ ಕೆಳಗಿನ ಮನೆ ಹುಡುಗನಿಗೆ ಮೊದಲು ಭೇದಿ. ಅದು ನಿಂತು ಒಂದು ವಾರ ಕಳೆದ ಮೇಲೆ ಪಾದ ಜುಮ್ಮು ಅಂತ ಶುರು. ಮರುದಿನ ಮೆಟ್ಟಿಲು ಹತ್ತಕ್ಕೆ ಕಷ್ಟ. ಅದರ ಮರುದಿನ ಕುರ್ಚಿಯಿಂದ ಏಳಕ್ಕೆ ಆಗಲಿಲ್ಲ. ಎರಡೂ ಕಾಲು ಒಟ್ಟಿಗೆ, ಕೆಳಗಿಂದ ಮೇಲಕ್ಕೆ. ನಿಶ್ಶಕ್ತಿ ಅಂತ ಗ್ಲೂಕೋಸ್ ಹಾಕಿಸ್ತಿದ್ರು. ಕ್ಲಿನಿಕ್ಕಿನ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ಮಂಡಿಗೆ ಸುತ್ತಿಗೆ ಬಡಿದು ನೋಡಿದಳು. ಕಾಲು ಒದೆಯಲೇ ಇಲ್ಲ. ಆಮೇಲೆ "ಒಂದೇ ಉಸಿರಲ್ಲಿ ಎಷ್ಟು ಎಣಿಸ್ತೀಯ ಎಣಿಸು" ಅಂದಳು. ಹತ್ತು ದಾಟಲು ಒದ್ದಾಡಿದ. ತಕ್ಷಣ ಆಂಬುಲೆನ್ಸ್. ಉಸಿರಿನ ಮಾಂಸಖಂಡಕ್ಕೂ ಬಂದುಬಿಟ್ಟಿತ್ತು. ಐಸಿಯು, ಇಮ್ಯುನೋಗ್ಲೋಬುಲಿನ್ ಅಂತ ದುಬಾರಿ ಡ್ರಿಪ್ಪು, ಐದು ದಿನ. ಈಗ ಹುಡುಗ ಕೆಲಸಕ್ಕೆ ಹೋಗ್ತಾನೆ, ಓಡಕ್ಕೆ ಮಾತ್ರ ಇನ್ನೂ ಆಗಲ್ಲ.

ಎಂಬಿಬಿಎಸ್_ಹುಡುಗಿ
ಇದನ್ನ ಎಲ್ಲರೂ ನೆನಪಿಟ್ಟುಕೊಳ್ಳಿ. ದಿನದಿಂದ ದಿನಕ್ಕೆ ಮೇಲೇರುವ ಸೋಲು, ಎರಡೂ ಕಡೆ. ಮಕ್ಕಳಲ್ಲಿ ಆದರಂತೂ ಕೇಳಲೇಬೇಡಿ. 15 ವರ್ಷದೊಳಗಿನ ಯಾವ ಮಗುವಿಗೆ ದಿಢೀರ್ ಕೈಕಾಲು ಸೋತರೂ ಆಸ್ಪತ್ರೆಯವರು ಪೋಲಿಯೋ ನಿಗಾ ತಂಡಕ್ಕೆ ತಿಳಿಸ್ತಾರೆ, ಮಲದ ಎರಡು ಸ್ಯಾಂಪಲ್ ತಗೋತಾರೆ. ಗಾಬರಿಯಾಗಬೇಡಿ, ಅದು ನಿಯಮ. ದೇಶದಲ್ಲಿ ಸಹಜ (ವೈಲ್ಡ್) ವೈರಸ್ಸಿನ ಕೊನೆಯ ಪೋಲಿಯೋ 2011ರ ಜನವರಿಯಲ್ಲಿ ಸಿಕ್ಕಿದ್ದು, ಹೌರಾ ಜಿಲ್ಲೆಯಲ್ಲಿ. ಆದರೂ ಈ ಕಾವಲು ನಿಲ್ಲಿಸಿಲ್ಲ.

ಕುಂದಾಪ್ರ_ಹೆಂಗಸು
ನಮ್ಮ ಚಿಕ್ಕಮ್ಮನಿಗೆ ಬೆಳಗ್ಗೆ ಎದ್ದಾಗ ಬಾಯಿ ಸೊಟ್ಟ. ಎಲ್ಲರೂ ಲಕ್ವ ಲಕ್ವ ಅಂತ ಅತ್ತದ್ದೇ ಅತ್ತದ್ದು. ಕಡೆಗೆ ಅದು ಮುಖದ ನರದ ಸೋಲಂತೆ, ಬೆಲ್ಸ್ ಪಾಲ್ಸಿ. ಇದನ್ನ ಮೊದಲೇ ಗುರುತಿಸೋದು ಹೇಗೆ?

ಎಂಬಿಬಿಎಸ್_ಹುಡುಗಿ
ಹಣೆ ನೋಡಬೇಕು. ಹುಬ್ಬು ಮೇಲೆತ್ತಿ ಅಂದಾಗ ಆ ಕಡೆ ಹಣೆಯಲ್ಲಿ ಗೆರೆ ಬೀಳದಿದ್ದರೆ, ಕಣ್ಣೂ ಮುಚ್ಚದಿದ್ದರೆ, ಮುಖದ ನರ. ಮಿದುಳಿನ ಲಕ್ವದಲ್ಲಿ ಬಾಯಿ ಸೊಟ್ಟ ಆದರೂ ಹಣೆ ಸಾಮಾನ್ಯವಾಗಿ ಸರಿ ಇರುತ್ತೆ. ಜೊತೆಗೆ ಕೈ ಸೋತಿರಬಹುದು, ಮಾತು ತೊದಲಬಹುದು. ಆದರೆ ಮನೆಯಲ್ಲಿ ಕೂತು ಹಣೆ ಪರೀಕ್ಷೆ ಮಾಡ್ತಾ ಟೈಮ್ ಕಳೀಬೇಡಿ. ಲಕ್ವಕ್ಕೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಲ್ಸ್ ಪಾಲ್ಸಿಗೆ ಸ್ಟೆರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೇದು. ಎರಡಕ್ಕೂ ಅವತ್ತೇ ಹೋಗಬೇಕು.

ಪರಂಪರೆ_ಉಳಿಸಿ
ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿದರೆ ಸಾಕು. ನಮ್ಮಲ್ಲಿ ಎಲ್ಲರೂ ಮಾಡ್ತಾರೆ.

ಕುಂದಾಪ್ರ_ಹೆಂಗಸು
ಮಾರಾಯ್ರೇ, ಆ ಪಾರಿವಾಳ ಏನು ಪಾಪ ಮಾಡಿತ್ತು?

ಉಪ್ಪಿಟ್ಟು_ಪ್ರೇಮಿ
ಬೆಲ್ಸ್ ಪಾಲ್ಸಿ ಬಹಳ ಜನಕ್ಕೆ ತಾನಾಗೇ ವಾಸಿ ಆಗುತ್ತೆ ಅಂತ ನಾನೂ ಓದಿದ್ದೆ. ಪಾರಿವಾಳಕ್ಕೆ ಹೆಸರು ಬಂದಿದ್ದು ಹಾಗೇ ಇರಬೇಕು.

ಬ್ಯಾಡಗಿ_ರೈತ
ನಮ್ಮ ಕಡೆದೊಂದು ಹೇಳ್ತೀನಿ. ಪಕ್ಕದ ಹೊಲದವರ ಮಗ ಮನೆ ಜಗಳಕ್ಕೆ ಎಣ್ಣೆ ಕುಡಿದಿದ್ದ. ಎಣ್ಣೆ ಅಂದರೆ ಗಿಡಕ್ಕೆ ಹೊಡೆಯೋ ಔಷಧಿ. ಆಸ್ಪತ್ರೆಯಲ್ಲಿ ಉಳಿಸಿದರು, ಮನೆಗೆ ಬಂದ. ಎಲ್ಲಾ ಮುಗೀತು ಅಂದುಕೊಂಡಾಗ, ಎರಡು ಮೂರು ವಾರಕ್ಕೆ ಮೀನಖಂಡ ಹಿಡಿದುಕೊಳ್ಳಕ್ಕೆ ಶುರು, ಆಮೇಲೆ ಎರಡೂ ಪಾದ ಜೋತುಬಿದ್ದವು. ಕೆಲವು ಆರ್ಗನೋಫಾಸ್ಫೇಟ್ ಔಷಧಿ ಹೀಗೆ ತಡವಾಗಿ ನರ ತಿನ್ನುತ್ತೆ ಅಂದರು ಡಾಕ್ಟರ್. ಅದಕ್ಕೇ ವಾಸಿಯಾಗಿ ಬಂದವರನ್ನೂ ಸ್ವಲ್ಪ ದಿನ ಗಮನಿಸ್ತಾ ಇರಬೇಕು.

ಎಂಬಿಬಿಎಸ್_ಹುಡುಗಿ
ಹೌದು ಅಣ್ಣಾ. 1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲಿ ಇದೇ ಜಾತಿಯ ರಾಸಾಯನಿಕ ಬೆರೆತ ಅಡುಗೆ ಎಣ್ಣೆ ತಿಂದು ನೂರಾರು ಜನರ ಕೈಕಾಲು ಸೋತಿತ್ತು.

ಉಪ್ಪಿಟ್ಟು_ಪ್ರೇಮಿ
ನನಗೆ ಶುಗರ್ ಇದೆ, ಪಾದ ಉರಿ, ಹತ್ತಿ ಮೇಲೆ ನಡೆದ ಹಾಗೆ ಅನಿಸುತ್ತೆ. ಇದೂ ನರಾನಾ?

ದಾವಣಗೆರೆ_ಫಿಸಿಯೋ
ಇರಬಹುದು ಸರ್. ಶುಗರಿನ ನರದೋಷ ಎರಡೂ ಪಾದಕ್ಕೆ ಸಾಕ್ಸ್ ಹಾಕಿದಷ್ಟು ಜಾಗದಲ್ಲಿ ಶುರುವಾಗುತ್ತೆ. ಮೊದಲು ಸ್ಪರ್ಶ ಕೆಡುತ್ತೆ, ಶಕ್ತಿ ಆಮೇಲೆ. ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ತಗೋತಿದ್ದರೆ ಬಿ12 ಕೂಡ ಚೆಕ್ ಮಾಡಿಸಿ, ಅದು ಬಿ12 ಇಳಿಸುತ್ತೆ. ಶುದ್ಧ ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬರಿಗಾಲಲ್ಲಿ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಬೇಡಿ.

ಉಪ್ಪಿಟ್ಟು_ಪ್ರೇಮಿ
ಸರಿಯಾಗಿ ಹಿಡಿದ್ರಿ. ಮಾತ್ರೆಯೂ ಅದೇ, ಊಟವೂ ಅದೇ.

ಹಾವೇರಿ_ಅಕ್ಕ
ಹೋಗಿ ಬಂದ್ವಿ. ನರರೋಗ ತಜ್ಞರಿಗೆ ತೋರಿಸಿದ್ದು. ಅವರು ಫೈಲ್ ತೆರೆಯೋಕೆ ಮುಂಚೆ ಅವನನ್ನ ನಡೆಸಿ ನೋಡಿದರು, ಮಂಡಿ ಪಕ್ಕದ ಆ ಗುಬುಟಿನ ಹತ್ರ ಬೆರಳಿಂದ ತಟ್ಟಿದರು. ಪಾದದವರೆಗೂ ಜುಂ ಅಂತು ಅಂದ. ಕುಷ್ಠದ ಪರೀಕ್ಷೆಯನ್ನೂ ಮಾಡಿದರು, ಅದಲ್ಲ. ಆಮೇಲೆ ಕರೆಂಟ್ ಕೊಟ್ಟು ನೋಡೋ ಪರೀಕ್ಷೆ, ಎನ್‌ಸಿವಿ. ಪಾದದಿಂದ ಮಂಡಿವರೆಗೆ ಕರೆಂಟ್ ಸರಿಯಾಗಿ ಹೋಗುತ್ತೆ, ಮಂಡಿ ದಾಟೋ ಜಾಗದಲ್ಲಿ ಅಡ್ಡಿ ಅಂತ ಬಂದಿದೆ. ಬೆನ್ನಿನ ಆಪರೇಷನ್ ಬೇಡ ಅಂದರು. ಪಾದ ಮೇಲೆ ಹಿಡಿದಿಡೋ ಸ್ಪ್ಲಿಂಟ್, ದಿನಾ ವ್ಯಾಯಾಮ, ಕುಕ್ಕರಗಾಲು ಬಂದ್. ಸ್ವಲ್ಪ ದಿನ ಬಿಟ್ಟು ಮತ್ತೆ ನೋಡ್ತಾರಂತೆ, ಏಳದಿದ್ದರೆ ಮುಂದಿನ ಮಾತು.

ಮಾಂಸಖಂಡಕ್ಕೆ ಸೂಜಿ ಚುಚ್ಚಿ ನೋಡೋ ಪರೀಕ್ಷೆಯೂ ಇದೆಯಂತೆ, ಅದನ್ನ ಇವತ್ತು ಮಾಡಲಿಲ್ಲ, ಯಾಕೆ?

ದಾವಣಗೆರೆ_ಫಿಸಿಯೋ
ಒಳ್ಳೇದಾಯ್ತು ಮೇಡಂ. ಸೂಜಿ ಪರೀಕ್ಷೆ, ಇಎಂಜಿ, ನರ ಕೆಟ್ಟ ಎರಡು ಮೂರು ವಾರದ ಮೇಲೆ ಮಾಡಿದರೇ ಮಾಂಸಖಂಡದಲ್ಲಿ ಬದಲಾವಣೆ ಕಾಣೋದು. ಬೇಗ ಮಾಡಿದರೆ ಎಲ್ಲಾ ಸರಿ ಇದೆ ಅಂತ ಬಂದು ದಾರಿ ತಪ್ಪಿಸುತ್ತೆ. ಒಳಗಿನ ಎಳೆಗಳೇ ಹರಿದಿದ್ದರೆ ಅವು ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅದನ್ನ ಅವಸರ ಮಾಡಿಸಕ್ಕೆ ಆಗಲ್ಲ. ವ್ಯಾಯಾಮ ಮಾಡಿಸೋದು ಅಲ್ಲಿವರೆಗೆ ಪಾದದ ಕೀಲು ಬಿಗಿಯಾಗದೆ ಇರಲಿ, ಹಿಮ್ಮಡಿ ಹಿಂದಿನ ಸ್ನಾಯುರಜ್ಜು ಕುಗ್ಗದೆ ಇರಲಿ ಅಂತ.

ಹಾವೇರಿ_ಅಕ್ಕ
ಅದೆಲ್ಲಾ ಸರಿ ಸರ್. ಕುಕ್ಕರಗಾಲಲ್ಲಿ ಕೂರದೆ ಟೈಲ್ಸ್ ಹಾಕೋದು ಹೇಗೆ ಅಂತ ಡಾಕ್ಟರ್ ಹೇಳಲಿಲ್ಲ. ಮೇಸ್ತ್ರಿ ಆಗಲೇ ಬೇರೆ ಹುಡುಗನನ್ನ ನೋಡ್ತಿದ್ದಾರೆ.

ಬ್ಯಾಡಗಿ_ರೈತ
ಗಿಡ್ಡ ಸ್ಟೂಲಿಗೆ ಗಾಲಿ ಹಾಕಿಸಿಕೊಳ್ಳಲಿ ತಂಗೀ. ನಮ್ಮೂರಲ್ಲಿ ಗಾರೆ ಕೆಲಸದವ ಒಬ್ಬ ಹಾಗೆ ಮಾಡಿಕೊಂಡಿದ್ದಾನೆ.

ಬಸವ_ಬೆಂಗಳೂರು
ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಮಂಡಿಯೂರಿ ಕೆಲಸ ಮಾಡಲಿ. ಬೆಂಗಳೂರಲ್ಲಿ ಎಲ್ಲರೂ ಹಾಗೇ ಮಾಡ್ತಾರೆ.

ದಾವಣಗೆರೆ_ಫಿಸಿಯೋ
ಸ್ಟೂಲ್ ಒಳ್ಳೇದು. ಪ್ಯಾಡಿನ ಪಟ್ಟಿ ಮಾತ್ರ ಹುಷಾರು, ಅದು ಬಿಗಿಯಾಗಿ ಕೂರೋದೇ ಆ ನರದ ಮೇಲೆ. ಸದ್ಯಕ್ಕೆ ಎರಡು ಮೂರು ತಿಂಗಳು ಗೋಡೆ ಟೈಲ್ಸ್, ಕಟಿಂಗ್ ಮಷಿನ್ ಕೆಲಸ ಕೊಡಿ ಅಂತ ಮೇಸ್ತ್ರಿಯನ್ನ ಕೇಳಿ ನೋಡಿ. ಕೆಲಸ ಯಾವುದಾದರೂ ಆಗಾಗ ಎದ್ದು ನಿಲ್ಲಬೇಕು. ಜೋಮು ಹಿಡಿಯೋಕೆ ಶುರುವಾದರೆ ಅದೇ ಗಂಟೆ ಹೊಡೆದ ಹಾಗೆ.

ಜಯನಗರ_ಅಮ್ಮ
ಮಧ್ಯೆ ಬಂದೆ ಅಂತ ಬೇಸರ ಮಾಡಬೇಡಿ. ನನ್ನ ಮಗನಿಗೆ 19. ಬಲಗೈ ಹೆಬ್ಬೆರಳಿನ ಬುಡ, ಮುಂಗೈ ಸೊರಗಿದೆ. ನೋವಿಲ್ಲ, ಜೋಮೂ ಇಲ್ಲ. ಡಿಸೆಂಬರ್ ಬೆಳಗ್ಗೆ ತಣ್ಣೀರು ಮುಟ್ಟಿದರೆ ಬೆರಳು ಮಡಚಿಕೊಂಡು ಅಂಗಿ ಗುಂಡಿ ಹಾಕಕ್ಕೆ ಆಗಲ್ಲ, ಮಧ್ಯಾಹ್ನಕ್ಕೆ ಸ್ವಲ್ಪ ಪರವಾಗಿಲ್ಲ. ಬೆರಳು ಚಾಚಿದರೆ ಸಣ್ಣಗೆ ನಡುಗುತ್ತೆ. ಎಲ್ಲರೂ ಜಿಮ್‌ಗೆ ಹೋಗು, ಪ್ರೋಟೀನ್ ತಿನ್ನು ಅಂತಾರೆ.

ಎಂಬಿಬಿಎಸ್_ಹುಡುಗಿ
ಆಂಟೀ, ಜಿಮ್ ಬಿಡಿ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ. ನಿಮ್ಮ ಮನೆಗೆ ಹತ್ರವೇ ಇದೆ. ಹಿರಾಯಾಮ ಕಾಯಿಲೆ ಅಂತ ಒಂದಿದೆ, ನೀವು ಬರೆದಿದ್ದು ಓದಿದಾಗ ಅದೇ ನೆನಪಾಯ್ತು. ಹದಿಹರೆಯ ದಾಟೋ ಹುಡುಗರಿಗೆ ಜಾಸ್ತಿ, ಒಂದೇ ಕೈ ಸೊರಗೋದು, ಚಳಿಯಲ್ಲಿ ಸೋಲೋದು. ಜಪಾನಿನ ಹಿರಾಯಾಮ 1959ರಲ್ಲಿ ಬರೆದರು. ನಮ್ಮ ನಿಮ್ಹಾನ್ಸ್‌ನಲ್ಲಿ ಡಾಕ್ಟರ್ ಗೌರಿದೇವಿ ಮತ್ತು ಜೊತೆಯವರು 1984ರಲ್ಲಿ ಇದೇ ಥರ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ರೋಗಿಗಳ ಬಗ್ಗೆ ಬರೆದರು. ಕೆಲವು ವರ್ಷ ಹೆಚ್ಚಾಗುತ್ತಾ ಹೋಗಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೆ. ಆ ವರ್ಷಗಳಲ್ಲೇ ಹಿಡಿಯಬೇಕು. ನಿಖರವಾಗಿ ಹೇಳಬೇಕಂದ್ರೆ ಇದು ಕೈಯ ನರದ್ದಲ್ಲ, ಕುತ್ತಿಗೆಯ ಒಳಗಿನ ಬೆನ್ನುಹುರಿಯದು. ಕುತ್ತಿಗೆ ಮುಂದಕ್ಕೆ ಬಗ್ಗಿಸಿದಾಗ ಹುರಿ ಒತ್ತುತ್ತೆ. ಅದಕ್ಕೇ ಎಂಆರ್‌ಐಯನ್ನ ಕುತ್ತಿಗೆ ಬಗ್ಗಿಸಿಯೂ ಮಾಡಿಸಬೇಕು, ನೆಟ್ಟಗೆ ಮಲಗಿಸಿ ತೆಗೆದರೆ ಎಷ್ಟೋ ಸಲ ತಪ್ಪಿಹೋಗುತ್ತೆ. ಕುತ್ತಿಗೆ ಬಗ್ಗದೆ ಇರಲಿ ಅಂತ ಕಾಲರ್ ಹಾಕಿಸ್ತಾರೆ.

ಬಸವ_ಬೆಂಗಳೂರು
ಮೂರು ಹೊತ್ತೂ ಮೊಬೈಲ್ ನೋಡ್ತಾರಲ್ಲ, ಅದೇ ಕಾರಣ.

ಎಂಬಿಬಿಎಸ್_ಹುಡುಗಿ
ಬಸವಣ್ಣಾ, 1959ರಲ್ಲಿ ಜಪಾನಲ್ಲಿ ಯಾವ ಮೊಬೈಲ್ ಇತ್ತು?

ಬಸವ_ಬೆಂಗಳೂರು
ಕುತ್ತಿಗೆ ಬಗ್ಗಿಸಬಾರದು ಅಂತ ನೀವೇ ಹೇಳಿದ್ದಲ್ವಾ? ನೋಡೋವಾಗ ಬಗ್ಗಿಸ್ತಾರೋ ಇಲ್ವೋ?

ಎಂಬಿಬಿಎಸ್_ಹುಡುಗಿ
ಕಾಯಿಲೆ ಇದ್ದವರು ಬಗ್ಗಿಸಬಾರದು, ಸರಿ. ಮೊಬೈಲಿಂದಲೇ ಬಂತು ಅನ್ನೋದು ಬೇರೆ ಮಾತು.

ಜಯನಗರ_ಅಮ್ಮ
ಕಾಲರ್ ಹಾಕಿ ಕಾಲೇಜಿಗೆ ಹೋಗು ಅಂದರೆ ಇವನು ಒಪ್ಪಿದ ಹಾಗೇ. ಮೊದಲು ತೋರಿಸ್ತೀನಿ, ಬೆಳಗ್ಗೆ ಬೇಗ ಹೋಗಬೇಕಾ?

ಪುಣೆ_ವಿಜಯಪುರದವ
ಬೇಗ ಅಂದರೆ ಬಹಳ ಬೇಗ ಮೇಡಂ. ನಮ್ಮ ಮಾವನನ್ನ ಕರ್ಕೊಂಡು ಬಂದಾಗ ಆ ಸಾಲು ನೋಡಿ ತಲೆ ತಿರುಗಿತ್ತು. ಊಟದ ಡಬ್ಬಿ ತಗೊಂಡು ಹೋಗಿ. ಹಳೇ ರಿಪೋರ್ಟ್ ಒಂದನ್ನೂ ಬಿಡಬೇಡಿ.

ತುಮಕೂರು_ಟೈಲರ್
ನಮ್ಮ ಮನೆಯವರಿಗೆ ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರ ಆಗುತ್ತೆ. ಕೊಡವಿಕೊಂಡರೆ ಸರಿಹೋಗುತ್ತೆ. ಈಗ ಸೂಜಿಗೆ ದಾರ ಪೋಣಿಸಕ್ಕೂ ಆಗ್ತಿಲ್ಲ. ಇದು ಕುತ್ತಿಗೆಯಿಂದಾನಾ?

ದಾವಣಗೆರೆ_ಫಿಸಿಯೋ
ಹೊಸ ಪೋಸ್ಟ್ ಹಾಕಿ ಸರ್, ಇದು ಬಹಳ ಉದ್ದ ಆಯ್ತು. ಅದಕ್ಕೆ ಮುಂಚೆ ಒಂದೇ ಪ್ರಶ್ನೆ. ಕಿರುಬೆರಳೂ ಜೋಮು ಹಿಡಿಯುತ್ತಾ, ಅದೊಂದು ಬಿಟ್ಟು ಮಿಕ್ಕವಾ?

ತುಮಕೂರು_ಟೈಲರ್
ಕೇಳಿದೆ. ಕಿರುಬೆರಳು ಬಿಟ್ಟು ಮಿಕ್ಕವು.

ದಾವಣಗೆರೆ_ಫಿಸಿಯೋ
ಹಾಗಾದರೆ ಮೊದಲು ಮಣಿಕಟ್ಟು ನೋಡಿಸಿ, ನರ ಅಲ್ಲಿ ಒತ್ತಿರಬಹುದು. ಹೆಬ್ಬೆರಳಿನ ಬುಡದ ಮಾಂಸ ಎರಡೂ ಕೈಯಲ್ಲಿ ಒಂದೇ ಸಮ ಇದೆಯಾ ಅಂತ ಪಕ್ಕಪಕ್ಕ ಇಟ್ಟು ಒಂದು ಫೋಟೋ ತೆಗೆದು ಹಾಕಿ. ಬಳೆ ತೆಗೆಸಿ.